ಮರಳಿ ಹುಟ್ಟಿದ ಕ್ಯಾಮೆರಾ

"ಬುದ್ಧಿ, ಮನುಷ್ಯ ತನ್ನನ್ನು ಮೊದಲಿನಿಂದ ಶುರು ಮಾಡಿಕೊಳ್ಳಲು ಆಗುತ್ತದೆಯೇ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಗುರುಪಾದ. ಕೇಳುವಾಗ ಅವನು ಕೂತಿರಲಿಲ್ಲ. ಒಂದು ಕಾಲು ಮಠದ ಜಗಲಿಯ ಮೇಲಿತ್ತು, ಇನ್ನೊಂದು ಮೆಟ್ಟಿಲ ಮೇಲಿತ್ತು. ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಅಂದರೆ, ಉತ್ತರ ಸರಿಹೋದರೆ ಉಳಿಯುವುದು, ಇಲ್ಲದಿದ್ದರೆ ಹೊರಡುವುದು ಎಂದು ಅವನು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದ.

ಕಾರಣವನ್ನೂ ಹೇಳಬೇಕು. ಈ ಮಠಕ್ಕೆ ಬರುವ ಮೊದಲು ಅವನು ಬೇರೆ ಎರಡು ಮಠಗಳಲ್ಲಿದ್ದ. ಹೋದಲ್ಲೆಲ್ಲ ಮೊದಮೊದಲು ಅವನಷ್ಟು ಶಾಂತನಾದ ಶಿಷ್ಯ ಇನ್ನೊಬ್ಬನಿರುತ್ತಿರಲಿಲ್ಲ. ಆಮೇಲೆ ಪಂಕ್ತಿಯಲ್ಲಿ ಬಡಿಸುವಾಗಲೋ ಹೂವು ಕೊಯ್ಯುವಾಗಲೋ ಯಾರ ಮೇಲಾದರೂ ಸಿಡುಕುತ್ತಿದ್ದ. ಸಿಡುಕು ಬೈಗುಳವಾಗುತ್ತಿತ್ತು, ಬೈಗುಳ ಜಗಳವಾಗುತ್ತಿತ್ತು. ಆಗ ಅವನಿಗೆ ಆ ಮಠವೇ ಸರಿಯಿಲ್ಲ ಎನಿಸುತ್ತಿತ್ತು. ಆ ಬೆಳಗ್ಗೆ ಇಲ್ಲಿಯೂ ಹಾಗೆಯೇ ಆಗಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯ ಮುದುಕ ರುದ್ರಯ್ಯನ ಮುಂದೆ ಸೌಟು ಎಸೆದಿದ್ದ. ಸೌಟು ರುದ್ರಯ್ಯನಿಗೆ ತಾಗಲಿಲ್ಲ. ಅವನು ಮಾತಾಡದೆ ಅದನ್ನು ಎತ್ತಿ ತೊಳೆದಿಟ್ಟ. ಬೈದಿದ್ದರೆ ಗುರುಪಾದನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನಗೆ ಹೊಸ ದೀಕ್ಷೆ ಕೊಡಿ, ಹೊಸ ಹೆಸರು ಕೊಡಿ. ಹಳೆಯದೆಲ್ಲ ಅಳಿಸಿ ಹೋಗಲಿ. ಇಲ್ಲಿ ಆಗದಿದ್ದರೆ ಹೊಳೆಯಾಚೆಯ ಮಠಕ್ಕೆ ಹೋಗುತ್ತೇನೆ. ಬಸ್ಸಿನ ಹೊತ್ತಾಯಿತು," ಎಂದ.

"ನಮ್ಮೂರಿಗೆ ಬಸ್ಸು ಯಾವತ್ತು ಹೊತ್ತಿಗೆ ಬಂದಿದೆಯಪ್ಪ? ಒಂದು ಕತೆಯಾಗುವಷ್ಟು ಸಮಯವಿದೆ, ಕೇಳು," ಎಂದರು ಗುರುಗಳು.

ಗುರುಪಾದ ಕೂರಲಿಲ್ಲ. ಗಂಟನ್ನು ಕೆಳಗಿಟ್ಟು ಅದರ ಪಕ್ಕದಲ್ಲೇ ನಿಂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಫೋಟೊಗ್ರಾಫರ್ ಇದ್ದ. ಅವನ ಕ್ಯಾಮೆರಾ ಬಹಳ ಹಳೆಯದಾಗಿ ಒಂದು ದಿನ ಕಣ್ಣು ಮುಚ್ಚಿತು. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಪಟ್ಟಣಕ್ಕೆ ಹೋಗಿ ಒಬ್ಬ ವ್ಯಾಪಾರಿಯಿಂದ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೊಂಡು ತಂದ. ಅದು ಮೊದಲು ಒಂದು ಚಿನ್ನದಂಗಡಿಯಲ್ಲಿತ್ತು. ಅಲ್ಲಿ ಬಳೆ, ಸರಗಳ ಫೋಟೊ ತೆಗೆಯಲು ಬಳಸುತ್ತಿದ್ದರು. ಚಿನ್ನ ಇನ್ನಷ್ಟು ಚಿನ್ನವಾಗಿ ಕಾಣಲೆಂದು ಅಂಗಡಿಯವರು ಅದರೊಳಗಿನ ಬಣ್ಣವನ್ನು ಹಳದಿಯ ಕಡೆಗೆ ತಿರುಗಿಸಿಟ್ಟಿದ್ದರು. ಬಳೆಗೆ ಅದು ಸರಿ, ಮನುಷ್ಯರ ಮುಖಕ್ಕೆ ಸರಿಯಲ್ಲ. ಫೋಟೊಗ್ರಾಫರನಿಗೆ ಇದು ಗೊತ್ತಿರಲಿಲ್ಲ. ಫೋಟೊ ತೆಗೆಸಿಕೊಂಡ ಮೊದಲ ಗಿರಾಕಿ ತನ್ನ ಮುಖ ನೋಡಿಕೊಂಡು, "ಏನ್ರೀ, ನನಗೆ ಕಾಮಾಲೆ ಬಂದಿದೆ ಅಂತ ಡಾಕ್ಟರಿಗಿಂತ ಮೊದಲು ನೀವೇ ಹೇಳಿಬಿಟ್ರಲ್ಲ!" ಎಂದ.

ಫೋಟೊಗ್ರಾಫರ್ ಆ ವ್ಯಾಪಾರಿಗೆ ಫೋನು ಮಾಡಿದ. ವ್ಯಾಪಾರಿ, "ಗಾಬರಿಯಾಗಬೇಡಿ, ಫ್ಯಾಕ್ಟರಿ ರೀಸೆಟ್ ಮಾಡಿ," ಎಂದು ಹೇಳಿ ದಾರಿ ತೋರಿಸಿದ. ಹಾಗೆಂದರೆ, ಕೈಯಿಂದ ಕೈಗೆ ಬಂದಾಗ ಕ್ಯಾಮೆರಾಕ್ಕೆ ಅಂಟಿಕೊಂಡ ಅಭ್ಯಾಸಗಳನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಮಾಡುವುದು. ಫೋಟೊಗ್ರಾಫರ್ ಗುಂಡಿ ಒತ್ತಿದ. ಪರದೆ ಕಪ್ಪಾಯಿತು, ಮತ್ತೆ ಬೆಳಗಿತು. ಕ್ಯಾಮೆರಾ ಅವನನ್ನು, ಯಾವ ಭಾಷೆ, ಇವತ್ತು ಯಾವ ತಾರೀಖು ಎಂದು ಕೇಳಿತು. ಆಗ ತಾನೇ ಹುಟ್ಟಿದವರಿಗೆ ಇದೆಲ್ಲ ಗೊತ್ತಿರುವುದಿಲ್ಲ, ಅದಕ್ಕೆ ಕೇಳಿತು. ಅವನು ಹೇಳಿಕೊಟ್ಟ. ಹಳದಿ ಹೋಯಿತು. ಬೇರೆಯವರು ಹಾಕಿದ್ದು ಒಂದೇ ಸಲಕ್ಕೆ ಹೋಯಿತು.

ಆದರೆ ಇನ್ನೊಂದು ತೊಂದರೆ ಶುರುವಾಯಿತು. ರೀಸೆಟ್ ಮಾಡಿದ ಮೇಲೆ ತೆಗೆದ ಮೊದಲ ಫೋಟೊ ತುಸು ಮಬ್ಬಾಗಿ ಬಂತು. ಎರಡನೆಯದು ಅದಕ್ಕಿಂತ ಮಬ್ಬು. ಹೀಗೇ ಇಳಿಯುತ್ತ ಹೋಗಿ ಕೊನೆಗೆ ಮಟಮಟ ಮಧ್ಯಾಹ್ನ ತೆಗೆದದ್ದೂ ದೀಪ ಹಚ್ಚುವ ಹೊತ್ತಿನಲ್ಲಿ ತೆಗೆದ ಹಾಗೆ ಕಂಡಿತು. ಅವನು ಮತ್ತೆ ರೀಸೆಟ್ ಮಾಡಿದ. ಮತ್ತೆ ಬೆಳಕು ಬಂತು, ಮತ್ತೆ ಇಳಿಯಿತು.

"ಹಾಗಾದರೆ ಅಂಗಡಿಯವನ ಗುಣ ಇನ್ನೂ ಒಳಗೇ ಉಳಿದಿತ್ತು," ಎಂದ ಗುರುಪಾದ. ಅವನಿಗರಿವಿಲ್ಲದೆ ಮೆಟ್ಟಿಲ ಮೇಲೆ ಕೂತಿದ್ದ.

"ಫೋಟೊಗ್ರಾಫರನೂ ಹಾಗೆಯೇ ಅಂದುಕೊಂಡ," ಎಂದು ಗುರುಗಳು ಮುಂದುವರಿಸಿದರು.

ಅವನಿಗೆ ನಿದ್ದೆ ಕೆಟ್ಟಿತು. ಊಟಕ್ಕೆ ಕೂತರೂ ಕ್ಯಾಮೆರಾ ತೊಡೆಯ ಮೇಲಿರುತ್ತಿತ್ತು. ರೀಸೆಟ್ ಮಾಡುವುದು, ಭಾಷೆ ಹೇಳುವುದು, ತಾರೀಖು ಹೇಳುವುದು, ಇದೇ ಕೆಲಸವಾಯಿತು. ಇಷ್ಟರಲ್ಲಿ ಊರಿನ ಶಾಲೆಯಿಂದ ಕರೆ ಬಂತು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಮರುದಿನ ನಿವೃತ್ತರಾಗುವವರಿದ್ದರು. ಮಕ್ಕಳ ಜೊತೆ ಅವರದೊಂದು ಗ್ರೂಪ್ ಫೋಟೊ ಬೇಕಿತ್ತು. ಅವರು ಅವನಿಗೂ ಅಕ್ಷರ ಕಲಿಸಿದವರು. ಮರುದಿನ ಸಂಜೆ ಬೀಗದ ಕೈ ಒಪ್ಪಿಸಿ ಅವರು ಊರು ಬಿಡುತ್ತಿದ್ದರು, ಶಾಲೆಗೆ ರಜೆ ಬೀಳುತ್ತಿತ್ತು. ಅಂದರೆ, ಆ ದಿನ ಕೆಟ್ಟರೆ ಆ ಫೋಟೊ ಮತ್ತೆಂದೂ ಇಲ್ಲ.

ಮರುದಿನ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತರು. ನಡುವೆ ಕುರ್ಚಿಯಲ್ಲಿ ಮೇಡಂ ಕೂತರು. ಅವನು ರೀಸೆಟ್ ಮಾಡಿಕೊಂಡೇ ಬಂದಿದ್ದ. ಒಂದು ತೆಗೆದ, ಪರದೆ ನೋಡಿದ, ಮುಖ ಸಣ್ಣದಾಯಿತು. ಇನ್ನೊಂದು ತೆಗೆದ, ಇನ್ನೂ ಕಪ್ಪು. "ಒಂದು ನಿಮಿಷ ಮೇಡಂ," ಎಂದು ಅಲ್ಲೇ ನಿಂತು ರೀಸೆಟ್ ಮಾಡಿದ. ತೆಗೆದ, ನೋಡಿದ. "ಇನ್ನೊಂದೇ ನಿಮಿಷ," ಎಂದ. ಬಿಸಿಲು ಸರಿಯುತ್ತಿತ್ತು. ಮುಂದಿನ ಸಾಲಿನ ಮಕ್ಕಳು ಒಬ್ಬರ ಕಾಲು ಒಬ್ಬರು ತುಳಿಯತೊಡಗಿದರು.

"ಏನಪ್ಪಾ, ನನ್ನ ಪೆನ್ಷನ್ ಮೊದಲು ಬರುತ್ತದೋ ಈ ಫೋಟೊ ಮೊದಲು ಬರುತ್ತದೋ?" ಎಂದರು ಮೇಡಂ.

"ಹಿಂದೆ ಇದನ್ನು ಇಟ್ಟುಕೊಂಡಿದ್ದವರು ಕೆಡಿಸಿದ್ದಾರೆ ಮೇಡಂ. ಎಷ್ಟು ಸಲ ಅಳಿಸಿದರೂ ಅವರು ಬಿಟ್ಟು ಹೋಗುತ್ತಿಲ್ಲ."

"ಅಳಿಸುವುದು ನಿನಗೆ ಮೊದಲಿಂದಲೂ ಇಷ್ಟ. ಮಗ್ಗಿ ತಪ್ಪಿದರೆ ಇಡೀ ಸ್ಲೇಟು ಒರೆಸಿ, ಪುನಃ ಅದೇ ತಪ್ಪನ್ನು ದುಂಡಗೆ ಬರೆದು ತರುತ್ತಿದ್ದೆ," ಎಂದರು ಮೇಡಂ. ಮಕ್ಕಳೆಲ್ಲ ನಕ್ಕರು. ಮೇಡಂ ನಗಲಿಲ್ಲ. "ಅದಿರಲಿ, ಪ್ರತಿಸಲ ಫೋಟೊ ತೆಗೆಯುವ ಮೊದಲು ನಿನ್ನ ಹೆಬ್ಬೆರಳು ಮೇಲೆ ಬಂದು ಏನನ್ನೋ ತಿರುವಿ ಹೋಗುತ್ತದಲ್ಲ, ಅದೇನು?"

"ಯಾವ ಹೆಬ್ಬೆರಳು ಮೇಡಂ?" ಎಂದ ಅವನು.

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನ ಸತ್ತುಹೋದ ಹಳೆಯ ಕ್ಯಾಮೆರಾ ಎಲ್ಲವನ್ನೂ ಅತಿ ಬೆಳ್ಳಗೆ ತೆಗೆಯುತ್ತಿತ್ತು. ಅದರ ನೆತ್ತಿಯ ಮೇಲೆ ಬೆಳಕು ಹೆಚ್ಚುಕಡಿಮೆ ಮಾಡುವ ಒಂದು ಸಣ್ಣ ಚಕ್ರವಿತ್ತು. ಅದನ್ನು ಎರಡು ಹಲ್ಲು ಕತ್ತಲೆಯ ಕಡೆಗೆ ತಿರುಗಿಸಿದರೆ ಫೋಟೊ ಸರಿಯಾಗಿ ಬರುತ್ತಿತ್ತು. ಆದರೆ ಒಂದು ಫೋಟೊ ತೆಗೆದ ಕೂಡಲೇ ಅಲ್ಲಿಯ ಲೆಕ್ಕ ತಾನಾಗಿ ಹಿಂದಕ್ಕೆ ಜಾರುತ್ತಿತ್ತು. ಹಾಗಾಗಿ ಅವನು ಪ್ರತಿ ಫೋಟೊಕ್ಕೂ ತಿರುಗಿಸಬೇಕಾಗಿತ್ತು. ವರ್ಷಗಟ್ಟಲೆ ತಿರುಗಿಸಿ ತಿರುಗಿಸಿ, ಕಡೆಗೆ ಅವನು ಹೇಳದೆಯೇ ಹೆಬ್ಬೆರಳು ತಿರುಗಿಸತೊಡಗಿತು. ಹೊಸದಾಗಿ ಕೊಂಡ ಕ್ಯಾಮೆರಾದಲ್ಲಿಯೂ ಚಕ್ರ ಅದೇ ಜಾಗದಲ್ಲಿತ್ತು. ಆದರೆ ಇಲ್ಲಿ ಅದು ಜಾರುತ್ತಿರಲಿಲ್ಲ. ತಿರುಗಿಸಿದ್ದೆಲ್ಲ ಕೂಡಿಕೊಳ್ಳುತ್ತಿತ್ತು. ಅದಕ್ಕೇ ಮೊದಲನೆಯದು ಮಬ್ಬು, ಎರಡನೆಯದು ಇನ್ನೂ ಮಬ್ಬು. ಎಷ್ಟು ತಿರುಗಿದೆ ಎಂಬುದನ್ನು ಪರದೆಯ ಮೂಲೆಯಲ್ಲಿ ಒಂದು ಅಂಕಿ ಹೇಳುತ್ತಲೇ ಇತ್ತು. ಅವನು ಅಂಗಡಿಯವನನ್ನು ಹುಡುಕುತ್ತಿದ್ದ, ಅದನ್ನು ನೋಡಲಿಲ್ಲ.

"ಹೆಬ್ಬೆರಳನ್ನು ಮೇಲೆತ್ತು. ನಾನು ಹೇಳುವವರೆಗೆ ಇಳಿಸಕೂಡದು," ಎಂದರು ಮೇಡಂ. ಅವನು ಕೊನೆಯ ಬಾರಿ ರೀಸೆಟ್ ಮಾಡಿ, ಹೆಬ್ಬೆರಳನ್ನು ಬಾವುಟದ ಕೋಲಿನ ಹಾಗೆ ನೆಟ್ಟಗೆ ನಿಲ್ಲಿಸಿಕೊಂಡು ಕ್ಯಾಮೆರಾ ಎತ್ತಿದ. ಆ ಭಂಗಿ ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಡಂ ಕೂಡ ತಡೆಯಲಾರದೆ ನಕ್ಕುಬಿಟ್ಟರು. ಆ ಶಾಲೆಯ ಗೋಡೆಯ ಮೇಲೆ ಎಲ್ಲರೂ ಹಲ್ಲು ತೋರಿಸಿ ನಗುವ ಫೋಟೊ ಅದೊಂದೇ. ಬೆಳಕು ಸರಿಯಾಗಿದೆ. ಆದರೆ ಫೋಟೊಗ್ರಾಫರ್ ಮುಂದೆ ಎಷ್ಟೋ ತಿಂಗಳು ಮದುವೆಮನೆಗಳಲ್ಲಿಯೂ ಹೆಬ್ಬೆರಳೆತ್ತಿಕೊಂಡೇ ಫೋಟೊ ತೆಗೆಯಬೇಕಾಯಿತು. ಹೋದಲ್ಲೆಲ್ಲ ಜನ ನಕ್ಕರು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

ದೂರದ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಗುರುಪಾದ ದಡಬಡಿಸಿ ಎದ್ದ. ಗಂಟನ್ನು ಎತ್ತಿ ಕಂಕುಳಿಗೆ ಸೇರಿಸಿದ. ಮೆಟ್ಟಿಲಿಳಿದು, ಏನೋ ನೆನಪಾದವನಂತೆ ತಿರುಗಿ ನಿಂತ.

"ಕತೆ ಚೆನ್ನಾಗಿದೆ ಬುದ್ಧಿ, ನನಗೆ ಅರ್ಥವೂ ಆಯಿತು. ಆದರೆ ಹೊಳೆಯಾಚೆಯ ಮಠದಲ್ಲಿ ಉಪ್ಪು ನೋಡಿ ಹಾಕುತ್ತಾರಂತೆ."

ಗುರುಗಳು ಅವನ ಮುಖ ನೋಡಲಿಲ್ಲ, ಗಂಟನ್ನು ನೋಡಿದರು.

"ಈಗ ಗಂಟು ಎತ್ತಿಕೊಂಡದ್ದು, ಬೆಳಗ್ಗೆ ಸೌಟು ಎಸೆದ ಕೈಯೇ ಏನಪ್ಪ?"

ಗುರುಪಾದ ಕೈ ನೋಡಿಕೊಂಡ. ಬಸ್ಸು ಬಂದು ನಿಂತು, ಮತ್ತೊಮ್ಮೆ ಹಾರನ್ನು ಹೊಡೆಯಿತು. ಅವನು ಗಂಟನ್ನು ಮೆಟ್ಟಿಲ ಮೇಲಿಟ್ಟ.