ಸರಸಮ್ಮನ ಮಗ ಕಾದಂಬರಿ ಬರೆದದ್ದು

ಹೂಂಗುಟ್ಟುವವರು ಹತ್ತಿರ ಬನ್ನಿ, ಆಕಳಿಸುವವರು ಗೋಡೆಗೆ ಒರಗಿ.

ತಿಪಟೂರಿನ ಹಳೇಪೇಟೆಯಲ್ಲಿ ಒಂದು ಅಂಗಳ. ಅಂಗಳದ ಈಚೆ ಸರಸಮ್ಮನ ಮನೆ, ಆಚೆ ಅವಳ ಓರಗಿತ್ತಿ ಇಂದುಮತಿಯ ಮನೆ. ಸರಸಮ್ಮನಿಗೆ ಒಬ್ಬನೇ ಮಗ, ನಾಗು. ವಯಸ್ಸು ಹನ್ನೆರಡು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗ. ತಾಯಿಗೆ ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿಲ್ಲ.

ಇಂದುಮತಿ ತನ್ನ ಮಗಳು ಚಾರುವನ್ನು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಶುರುಮಾಡಿದಳು. ಮಾರನೆಯ ದಿನ ಸರಸಮ್ಮನೂ ನಾಗುವನ್ನು ಶಾಲೆ ಬಿಡಿಸಿದಳು. ಇಂದುಮತಿ ಗೋಡೆಗೆ ಒಂದು ಭೂಪಟ ತೂಗುಹಾಕಿದಳು. ಸರಸಮ್ಮ ಎರಡು ತೂಗುಹಾಕಿದಳು. ಹೊಟ್ಟೆಕಿಚ್ಚು ಪಾಸ್‌ಪೋರ್ಟಿಲ್ಲದೆ ಎಲ್ಲ ದೇಶ ಸುತ್ತುತ್ತದೆ, ಒಂದು ಅಂಗಳ ದಾಟುವುದು ಅದಕ್ಕೇನು ಮಹಾ!

ಒಂದು ದಿನ ಇಂದುಮತಿ ಹಪ್ಪಳ ಒಣಹಾಕುತ್ತ ಅಂದಳು, "ಅಕ್ಕಾ, ನಮ್ಮ ಚಾರು ಕಾದಂಬರಿ ಬರೀತಿದಾಳೆ. ಆಗಲೇ ಹದಿನೆಂಟನೇ ಅಧ್ಯಾಯ. ನಾನೇನು ಮಹಾ ಹೇಳಿಕೊಟ್ಟೆ? ಪಕ್ಕದಲ್ಲಿ ಕೂತಿದ್ದೆ, ಅಷ್ಟೆ."

ಅತ್ತೆ ಸಾಕಮ್ಮಜ್ಜಿಯ ಕಿವಿಗೆ ಇದು ಬಿತ್ತು. "ಕಾದಂಬರಿಯೇ! ನಾನು ಕಡೂರಿಗೆ, ಮಗಳ ಮನೆಗೆ ಹೋಗಿಬರ್ತೀನಿ. ಬರೋ ಭಾನುವಾರ ಇಬ್ಬರೂ ಬರೆದದ್ದು ಓದಲಿ. ಯಾರದ್ದು ಗೆಲ್ಲುತ್ತೋ ಅವರಮ್ಮನಿಗೆ ನನ್ನ ಏಳುಕಲ್ಲಿನ ಓಲೆ. ಕಲಿಸಿದವಳು ಅವಳು ತಾನೆ?"

ಓಲೆ! ಮದುವೆಯಾಗಿ ಬಂದ ದಿನದಿಂದ ಸರಸಮ್ಮ ಅತ್ತೆಯ ಮುಖ ನೋಡಿ ಮಾತಾಡಿದವಳೇ ಅಲ್ಲ, ಕಿವಿ ನೋಡಿ ಮಾತಾಡಿದವಳು.

"ನಾಗೂ! ಬಾರೋ ಇಲ್ಲಿ! ಕಾದಂಬರಿ ಬರಿ!"

"ಹೇಗಮ್ಮ?"

"ಹೇಗೆ ಅಂದ್ರೆ? ದಿನಕ್ಕೆ ಐನೂರು ಪದ ಬರೀಬೇಕು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಚಾರೂನೂ ಹಾಗೇ ಬರೆಯೋದಂತೆ."

"ಆಗಲಮ್ಮ."

ನಾಗು ಕೂತ. ಬರೆದ. ಬೆವರಿದ. ಸಂಜೆ ಓಡಿಬಂದ. "ಐನೂರೂ ಆಯ್ತಮ್ಮ! ಎಣಿಸೋದೇ ಬೇಡ!"

ಸರಸಮ್ಮ ಪುಸ್ತಕ ತೆಗೆದಳು. ಒಂದು, ಎರಡು, ಮೂರು, ನಾಲ್ಕು ಅಂತ ಅಕ್ಷರದಲ್ಲಿ ಬರೆದುಕೊಂಡು ಹೋಗಿ, ಕೊನೇ ಪುಟದ ಕೊನೇ ಸಾಲಿನಲ್ಲಿ "ಐನೂರು" ಅಂತ ಬರೆದು ಕೆಳಗೆ ಗೀಟು ಎಳೆದಿದ್ದ.

"ಅಯ್ಯೋ ಮಂಕೇ! ಕಾದಂಬರಿ ಅಂದ್ರೆ ಮಗ್ಗೀನೇನೋ? ಅದರಲ್ಲಿ ಒಬ್ಬ ಮನುಷ್ಯ ಇರಬೇಕು. ಅವನಿಗೆ ಏನೋ ಒಂದು ತುರ್ತಾಗಿ ಬೇಕಾಗಿರಬೇಕು. ಇನ್ನೊಬ್ಬ ಅಡ್ಡ ನಿಲ್ಲಬೇಕು. ಅವನು ಎಷ್ಟು ಬೇಡಿಕೊಂಡರೂ ಇವನು ಬಿಡಬಾರದು. ತಿಳೀತಾ?"

"ತಿಳೀತಮ್ಮ."

ಮಾರನೆಯ ದಿನ ಬೆಳಿಗ್ಗೆ ನಾಗುವಿನ ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು, ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೊರಟರು. ಕಕ್ಕಸಿನ ಬಾಗಿಲಿಗೆ ಅಡ್ಡಲಾಗಿ ನಾಗು!

"ದಾರಿ ಬಿಡೋ!"

"ಬಿಡಲ್ಲ."

"ಅರ್ಜೆಂಟು ಕಣೋ!"

"ಎಷ್ಟು ಅರ್ಜೆಂಟಪ್ಪ?"

"ತಡೆಯೋಕಾಗಲ್ಲ ಕಣೋ, ನಿನ್ನ ದಮ್ಮಯ್ಯ!"

"ಹಾಗಾದ್ರೆ ಖಂಡಿತ ಬಿಡಲ್ಲ."

ಅಪ್ಪ ಬಿದ್ದಂಬೀಳ ಅಂಗಳ ದಾಟಿ ತಮ್ಮನ ಮನೆಗೆ ಓಡಿದರು. ಇಂದುಮತಿ ಬಾಗಿಲು ತೆರೆದು, "ಬನ್ನಿ ಭಾವ, ನಿಮ್ಮನೇಲಿ ನೀರಿಲ್ವಾ, ಪಾಪ," ಅಂದಳು. ಆ 'ಪಾಪ' ಸರಸಮ್ಮನ ಎದೆಗೆ ಒಗ್ಗರಣೆ ಹಾಕಿದ ಹಾಗೆ ಚಟಪಟ ಅಂದಿತು.

"ಮುಠ್ಠಾಳ! ಅಪ್ಪನ್ನ ತಡೀತಾರೇನೋ? ತಡೆಯೋದು ಕತೆ ಕೇಳುವವರನ್ನ! ಕತೆ ಹೇಳ್ತಾ ಹೇಳ್ತಾ ರಂಗೇರಿದ ಜಾಗದಲ್ಲಿ ಗಪ್ಪಂತ ನಿಲ್ಲಿಸಬೇಕು. ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಅವರು ಗೋಗರೆದರೂ ಬಾಯಿ ಬಿಡಬಾರದು. ತಿಳೀತಾ?"

"ತಿಳೀತಮ್ಮ."

ಶನಿವಾರ ಸರಸಮ್ಮ ಕೋಡುಬಳೆ ಕರಿಯುತ್ತಿದ್ದಳು. ನಾಗು ಓಡಿಬಂದ. "ಅಮ್ಮಾ, ಅಪ್ಪ ಅಂಗಡಿಯಿಂದ ಫೋನ್ ಮಾಡಿದ್ರು! ಅಜ್ಜಿ ಕಡೂರಿಂದ ಹೊರಟಿದಾರಂತೆ. ಹನ್ನೊಂದು ಗಂಟೆಗೆ ಸರಿಯಾಗಿ..."

ನಿಲ್ಲಿಸಿದ.

"ಹನ್ನೊಂದಕ್ಕೆ ಏನೋ?"

ನಾಗು ತುಟಿ ಬಿಗಿದ.

"ಹೇಳೋ! ಹನ್ನೊಂದಕ್ಕೆ ಏನಾಯ್ತು?"

ನಾಗು ಕಣ್ಣು ಮಿಟುಕಿಸಿದ. ಕೋಡುಬಳೆ ಕೊಟ್ಟಳು. ತಿಂದ, ಮತ್ತೆ ತುಟಿ ಬಿಗಿದ. ಜಾಲರಿ ಸೌಟು ಎತ್ತಿದಳು. ಕಣ್ಣು ಮುಚ್ಚಿದ, ಬಾಯಿ ಬಿಡಲಿಲ್ಲ. ಅಜ್ಜಿಗೇನಾಯ್ತೋ ಅಂತ ಸರಸಮ್ಮ ಅತ್ತೂ ಬಿಟ್ಟಳು. ಊಹುಂ!

ಹನ್ನೆರಡೂವರೆಗೆ ಅಂಗಳದ ಮುಂದೆ ಆಟೋ ನಿಂತಿತು. ಮೊದಲು ಇಳಿದವಳು ಇಂದುಮತಿ, ಅತ್ತೆಯ ಚೀಲ ಹಿಡಿದುಕೊಂಡು. "ಕರೆಯೋಕೆ ನೀವು ಬರ್ತೀರಿ ಅಂತ ಅತ್ತೆ ಒಂದೂವರೆ ಗಂಟೆ ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ಕೂತಿದ್ರು ಅಕ್ಕಾ. ತರಕಾರಿಗೆ ಹೋಗಿದ್ದ ನನ್ನ ಕಣ್ಣಿಗೆ ಬಿದ್ರು. ನಿಮಗೆ ಏನು ಕೆಲಸ ಇತ್ತೋ, ಪಾಪ."

ಅಜ್ಜಿ ನೇರವಾಗಿ ಆಚೆ ಮನೆಗೆ ಹೋಗಿ ಕಾಫಿ ಕುಡಿದರು.

"ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದೆಯಲ್ಲೋ! ಕಿವಿಗೆ ಬಿದ್ದದ್ದನ್ನ ನುಂಗಬಾರದು ಕಣೋ! ಬಿದ್ದದ್ದನ್ನ ಬಿದ್ದ ಹಾಗೆ, ಒಂದಕ್ಷರ ಬಿಡದೆ ಒಪ್ಪಿಸಬೇಕು. ತಿಳೀತಾ?"

"ತಿಳೀತಮ್ಮ."

ಉಳಿದದ್ದು ಅರ್ಧ ದಿನ. ಇನ್ನು ಇವನು ಬರೆಯುವುದುಂಟೆ? ಸರಸಮ್ಮ ಸೆರಗು ಬಿಗಿದಳು. "ಕೂತ್ಕೋ. ನಾನು ಹೇಳ್ತಾ ಹೋಗ್ತೀನಿ, ನೀನು ಬರಕೋ. ನಾಳೆ ಕೇಳಿದರೆ ನೀನೇ ಬರೆದದ್ದು."

ಸರಸಮ್ಮ ಒಲೆಯ ಮುಂದೆ ನಿಂತು ಹೇಳಿದಳು, ನಾಗು ಬಾಗಿಲಲ್ಲಿ ಕೂತು ಬರೆದ. ತಲೆ ಎತ್ತಲಿಲ್ಲ, ನೀರು ಕೇಳಲಿಲ್ಲ. ಸಂಜೆಗೆ ದಪ್ಪ ನೋಟ್‌ಬುಕ್ಕು ತುಂಬಿತು. ಸರಸಮ್ಮನ ಕೈತುಂಬ ಹಿಟ್ಟು, ತೆರೆದು ನೋಡಲಿಲ್ಲ. ಮಗನ ಶ್ರದ್ಧೆ ನೋಡಿ ಕಣ್ಣಲ್ಲಿ ನೀರು ಬಂತು. ಅವತ್ತು ಸಂಜೆ ಮಾತ್ರ ಬೈಯಲಿಲ್ಲ.

ಭಾನುವಾರ ಅಂಗಳದ ಬಾವಿಕಟ್ಟೆಯ ಪಕ್ಕ ಜಮಖಾನ ಹಾಸಿದರು. ಅಕ್ಕಪಕ್ಕದವರೂ ಬಂದು ಕೂತರು. ಮೊದಲು ಚಾರು ಎದ್ದಳು. ಅವಳ ಕಾದಂಬರಿಯಲ್ಲಿ ಸಮುದ್ರ ಇತ್ತು. ಸಮುದ್ರ ಎಷ್ಟು ನೀಲಿ ಅನ್ನುವುದೇ ಎರಡು ಪುಟ ಇತ್ತು. ಮೂರನೇ ಅಧ್ಯಾಯಕ್ಕೆ ಅಜ್ಜಿಯ ತಲೆ ತೂಗಿತು. ಐದಕ್ಕೆ ಗೊರಕೆ. ಸರಸಮ್ಮನ ಮುಖ ಅರಳಿತು.

ಆಮೇಲೆ ನಾಗು ಎದ್ದ. ಗಂಟಲು ಸರಿಮಾಡಿಕೊಂಡು ಓದಿದ.

"ಒಂದು ರಾಜ್ಯದಲ್ಲಿ ರತ್ನಮಾಲೆ ಅಂತ ರಾಜಕುಮಾರಿ ಇದ್ದಳು. ಬರಕೊಂಡ್ಯಾ? ಮೂಗು ಒರೆಸ್ಕೋ. ಅವಳಿಗೊಬ್ಬಳು ಮಲತಂಗಿ. ನಿಮ್ಮ ಚಿಕ್ಕಮ್ಮ ಇಲ್ವಾ, ಥೇಟ್ ಹಾಗೇ, ನಗು ಸಕ್ಕರೆ, ಒಳಗೆಲ್ಲ ಹಾಗಲಕಾಯಿ. ಅಯ್ಯೋ, ಹಾಲು ಉಕ್ಕಿತು!"

ಯಾರೋ ಕಿಸಕ್ಕನೆ ನಕ್ಕರು. ಸರಸಮ್ಮ ಕಣ್ಣು ಬಿಟ್ಟಳು, ಕೈ ಆಡಿಸಿದಳು, ಕೆಮ್ಮಿದಳು. ನಾಗು ಒಂದಕ್ಷರ ಬಿಡಲಿಲ್ಲ.

"ರಾಜಮಾತೆಗೆ ಮಲತಂಗಿ ಅಂದ್ರೇನೇ ಪ್ರಾಣ. ನಮ್ಮತ್ತೆಗೂ ಹಾಗೇ. ನನ್ನ ಹುಳಿಗೆ ಉಪ್ಪು ಕಮ್ಮಿ ಆದ್ರೆ ತಪ್ಪು, ಅವಳ ಹುಳಿಗೆ ಕಮ್ಮಿ ಆದ್ರೆ ಆರೋಗ್ಯ! ಇದನ್ನ ಬರೀಬೇಡ. ಹೂಂ, ಒಂದು ಬಿಳೀ ಕುದುರೆ ಬಂತು."

ಅಜ್ಜಿಗೆ ಪೂರ್ತಿ ಎಚ್ಚರವಾಯಿತು. "ಆಮೇಲೆ?"

"ಆ ಏಳುಕಲ್ಲಿನ ಓಲೆ ಅವಳ ಕಿವೀಲಿ ನೋಡೋದಕ್ಕಿಂತ ಬಾವಿಗೆ ಹಾಕೋದು ವಾಸಿ. ಕುದುರೆ ಮೇಲೆ ಯಾರನ್ನ ಕೂರಿಸೋಣಪ್ಪಾ..."

ಸರಸಮ್ಮ ಹಾರಿ ಹೋಗಿ ಪುಸ್ತಕ ಕಿತ್ತುಕೊಂಡಳು, ಮಗನ ಕಿವಿ ಹಿಂಡಿದಳು. "ಪೆದ್ದ ಮುಂಡೇದೆ! ನಾನು ಹೇಳಿದ್ದನ್ನೆಲ್ಲ ಬರೀತಾರೇನೋ? ಬರೆದೂ ಬರೆದೂ ಮಾನ ತೆಗೆದೆ. ಇನ್ಮೇಲೆ ನಾನು ಹೇಳಿದ್ದನ್ನ ಬರೀಬೇಡ, ಮಾಡು! ತಿಳೀತಾ?"

"ತಿಳೀತಮ್ಮ."

ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಸರಸೂ, ನನ್ನನ್ನ ಎಬ್ಬಿಸಿ ಕೂರಿಸಿದ್ದು ನಿನ್ನ ಕಾದಂಬರೀನೇ ಕಣೇ. ಆದರೇನು, ಅದು ನಿನ್ನದು, ಮಗುವಿನದ್ದಲ್ಲ. ಚಾರು ನಿದ್ದೆ ಬರಿಸಿದರೂ ತಾನೇ ಬರೆದಿದಾಳೆ." ತಿರುಪು ಬಿಚ್ಚಿ ಓಲೆ ತೆಗೆದರು. "ನಾಗು, ತಗೋ ಮರಿ. ನಿಮ್ಮ ಚಿಕ್ಕಮ್ಮನಿಗೆ ಕೊಡು."

ಇಂದುಮತಿ ಆಗಲೇ ತನ್ನ ಓಲೆ ಬಿಚ್ಚಿಟ್ಟು ಬೋಳು ಕಿವಿ ಮುಂದೆ ಮಾಡಿ ಕೂತಿದ್ದಳು. ಸರಸಮ್ಮ ಆ ಕಡೆ ನೋಡಲಾರದೆ ಮುಖ ತಿರುಗಿಸಿದಳು.

ನಾಗು ಓಲೆ ಹಿಡಿದು ಚಿಕ್ಕಮ್ಮನ ಕಡೆ ನಾಲ್ಕು ಹೆಜ್ಜೆ ಇಟ್ಟ. ನಿಂತ. ಅಮ್ಮನನ್ನು ನೋಡಿದ. ಹೌದಲ್ಲ, ಅಂದುಕೊಂಡ. ತಿರುಗಿದ.

ಬುಳಕ್. ಬುಳಕ್.

"ಏನೋ ಮಾಡಿದೆ!" ಅಂಗಳಕ್ಕೆ ಅಂಗಳವೇ ಕೂಗಿತು.

"ಅಮ್ಮ ಹೇಳಿದ್ದನ್ನ," ಅಂದ ನಾಗು. "ಈ ಸಲ ಬರೀಲಿಲ್ಲ, ಮಾಡಿದೆ."

"ಅಯ್ಯೋ!" ಅಂತ ಕಿರುಚಿದಳು ಸರಸಮ್ಮ. ಕಿರುಚುತ್ತಲೇ ಇಂದುಮತಿಯ ಬೋಳು ಕಿವಿ ಕಣ್ಣಿಗೆ ಬಿತ್ತು. ಆ ಅಯ್ಯೋದ ಬಾಲದಲ್ಲಿ ಒಂದು ಸಣ್ಣ ನಗು ಸೇರಿಕೊಂಡಿತು.

ಮರುಕ್ಷಣ ಇಬ್ಬರೂ ಓಡಿದರು. ಭುಜಕ್ಕೆ ಭುಜ ತಾಗಿಸಿ ಬಾವಿಗೆ ಬಗ್ಗಿದರು, ಅವಳಿಗೆ ಮೊದಲು ಕಂಡೀತೆಂದು ಇವಳು, ಇವಳಿಗೆ ಮೊದಲು ಕಂಡೀತೆಂದು ಅವಳು. ಇವತ್ತಿಗೂ ಬಗ್ಗಿಯೇ ಇದ್ದಾರಂತೆ. ಇರಲಿ ಬಿಡಿ, ನಮಗೆ ಹಸಿವಾಯಿತು, ಎಲೆ ಹಾಕೋಣ.