ಆವಿಗೆಯ ಬಾಯಿ ತೆರೆದವರು

“‘ವಾಕಿಂಗ್ ಹೋಮ್, ದಿ ರೇನ್ ಕಾಟ್ ಮಿ.’ ಇದರಲ್ಲಿ ತಪ್ಪೇನಿದೆ, ಮದರ್?” ಎಂದು ಸರಯೂ ಕೇಳಿದಳು.

ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದ ಮದರ್ ಅಗಾಥಾ ತಲೆಯೆತ್ತಿದರು. “ಮನೆಗೆ ನಡೆದು ಹೊರಟದ್ದು ಯಾರು? ಮಳೆಯೇ?”

“ನಾನು. ಮಳೆಗೆ ಕಾಲಿಲ್ಲವೆಂದು ಓದುವವರಿಗೆ ಗೊತ್ತಿರುತ್ತದಲ್ಲ!”

“‘ವಾಕಿಂಗ್ ಹೋಮ್’ ಎಂಬಂಥ ಪಾರ್ಟಿಸಿಪಲ್ ಫ್ರೇಸಿನಿಂದ ವಾಕ್ಯ ಆರಂಭಿಸಿದರೆ, ಅಲ್ಪವಿರಾಮ ದಾಟಿದೊಡನೆ ಆ ಕೆಲಸ ಮಾಡಿದವರೇ ನಿಂತಿರಬೇಕು. ಬೇರೆಯವರು ನಿಂತರೆ ಕೆಲಸ ಅವರದಾಗುತ್ತದೆ.”

“ಇಷ್ಟು ಸಣ್ಣ ತಪ್ಪಿಗೆ ಅಷ್ಟು ಕಟ್ಟುನಿಟ್ಟೇ?”

“ನೆಟ್ಟಗೆ ಕುಳಿತು ಕೇಳು,” ಎಂದು ಮದರ್ ಹೇಳತೊಡಗಿದರು.

ಒಂದು ಊರಿನ ಕುಂಬಾರರಿಗೆಲ್ಲ ಮಡಕೆ ಸುಡಲು ಒಂದೇ ಆವಿಗೆಯಿತ್ತು. ಬೆಂಕಿ ಹಾಕಿ ಬಾಯಿಗೆ ಮಣ್ಣು ಮೆತ್ತಿದ ಮೇಲೆ ಅದು ತಣಿಯುವವರೆಗೆ ಯಾರೂ ತೆರೆಯಬಾರದು. ತೆರೆದರೆ ತಂಗಾಳಿ ನುಗ್ಗಿ ಎಲ್ಲರ ಮಡಕೆಗಳೂ ಸೀಳುತ್ತವೆ. ತೆರೆದವರಿಗೆ ಮತ್ತೆಂದೂ ಆವಿಗೆಯಲ್ಲಿ ಜಾಗವಿಲ್ಲ.

ಒಬ್ಬ ಕುಂಬಾರನಿಗೆ ತನ್ನ ಮಡಕೆಗಳು ಹೇಗಿವೆಯೋ ಎಂಬ ಆತುರ. ಮಣ್ಣು ಕಿತ್ತು ಇಣುಕಿದ. ಒಳಗೆ ಸೀಳುವ ಸದ್ದು ಕೇಳಿ, ಹೆದರಿ ಓಡಿದ. ಆ ದಾರಿಯಲ್ಲಿ ಬಂದ ಒಬ್ಬ ವಿಧವೆ ತೆರೆದ ಬಾಯಿಯನ್ನು ಕಂಡಳು. ಹಣತೆ ಮಾಡಿ ಬದುಕುತ್ತಿದ್ದವಳು. ಅವಳ ಹಣತೆಗಳೂ ಒಳಗಿದ್ದವು. ಕೈಗೆ ಸಿಕ್ಕ ಹಸಿಮಣ್ಣನ್ನು ಬಾಚಿ ಬಾಯಿಗೆ ಮೆತ್ತತೊಡಗಿದಳು. ಅಷ್ಟರಲ್ಲಿ ಜನ ಬಂದರು.

“ತೆರೆದವಳು ನಾನಲ್ಲ, ಅಣ್ಣಾ. ಮುಚ್ಚುತ್ತಿದ್ದೆ.”

“ಕೈತುಂಬ ಮಣ್ಣು, ಬಾಯಿತುಂಬ ಸುಳ್ಳು!” ಎಂದ ಊರ ಹಿರಿಯ.

ಜನ ನಕ್ಕರು. ಅಂದಿನಿಂದ ಅವಳಿಗೆ ಆವಿಗೆಯಲ್ಲಿ ಜಾಗ ತಪ್ಪಿತು. ತೆರೆದವನೂ ಆ ಗುಂಪಿನಲ್ಲಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡ.

ಆ ನಾಳೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಅವನು ಹಿರಿಯನ ಕಾಲಿಗೆ ಬಿದ್ದು ಒಪ್ಪಿಕೊಂಡ. ಇಬ್ಬರೂ ವಿಧವೆಯ ಮನೆಗೆ ಹೋದರು. ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಹಸಿವು ತಾಳದೆ ಎತ್ತಲೋ ಹೋದಳೆಂದರು ನೆರೆಯವರು. ಸುಡಲು ಜಾಗ ಸಿಗದ ಹಣತೆಗಳು ಜಗುಲಿಯ ಮೇಲೆ ಇರಚಲಿಗೆ ನೆನೆದು, ಮತ್ತೆ ಮಣ್ಣಾಗಿದ್ದವು. ಕುಂಬಾರ ಆ ಮಣ್ಣಿನ ಮುಂದೆ ನಿಂತು ತನ್ನ ತಪ್ಪು ಹೇಳಿದ.

ಮದರ್ ಸರಯೂ ಬರೆದ ವಾಕ್ಯದ ಮೇಲೆ ಬೆರಳಿಟ್ಟರು.

“ಮಾಡಿದ ಕೆಲಸ ಮೊದಲು ಬಂದು ಮಾಡಿದವನು ತಡವಾಗಿ ಬಂದರೆ, ಮಗೂ, ನಡುವೆ ಸಿಕ್ಕವರು ಅದನ್ನು ಹೊತ್ತು ಹೊರಟುಹೋಗಿರುತ್ತಾರೆ.”