ಕೊಕ್ಕೆ ಇಲ್ಲದ ಕೆಂಪು ಹರಿಗೋಲು

ಹರಿಗೋಲಿನ ಹೊರಮೈಗೆ ಯಾರೂ ಕೊಕ್ಕೆ ಹೊಡೆಯಬಾರದು.

ನಿಯಮ ಇಷ್ಟೇ. ಜಗತ್ತು ಇನ್ನೂ ಹೊಸದಾಗಿತ್ತು, ಬೆಟ್ಟಗಳಿಗೆ ಹೆಸರಿಟ್ಟು ಮುಗಿದಿರಲಿಲ್ಲ, ಆಗ ಮಾಡಿದ ನಿಯಮ. ಮಾಡಿದವಳು ಮಜ್ಜೆಯಮ್ಮ. ಅವಳ ಮನೆ ದೇವೀರಿ ಎಂಬ ಪುಟ್ಟ ಹುಡುಗಿಯ ಮೂಳೆಯೊಳಗೆ.

ಮಜ್ಜೆಯಮ್ಮ ದಿನವಿಡೀ ಕೆಂಪು ಹರಿಗೋಲು ಮಾಡುತ್ತಿದ್ದಳು. ಒಂದೊಂದೂ ದುಂಡಗೆ. ಸುತ್ತಲೂ ತೆಳು ಚರ್ಮ. ನಡುವೆ ಹೆಬ್ಬೆರಳಿನಿಂದ ಒತ್ತಿದ ಹಾಗೆ ಒಂದು ತಗ್ಗು, ಆ ತಗ್ಗಿನಲ್ಲಿ ಕೂರಲು ಒಬ್ಬ ಅಂಬಿಗ. ರಕ್ತದ ಹೊಳೆಗೆ ಇಳಿಸುವಾಗ ಪ್ರತಿಯೊಬ್ಬರಿಗೂ ಅವಳು ಹೇಳುತ್ತಿದ್ದಳು: "ಶ್ವಾಸಕೋಶದ ದಡದಲ್ಲಿ ಉಸಿರಿನ ಮೂಟೆ ಹೇರಿಕೋ. ಹೃದಯಕ್ಕೆ, ಕೈಗೆ, ಕಾಲಿಗೆ ತಲುಪಿಸು. ಹೊರಗೆ ಕೊಕ್ಕೆ ಹೊಡೀಬೇಡ."

"ಆಯ್ತಮ್ಮ," ಎನ್ನುತ್ತಿದ್ದರು ಎಲ್ಲರೂ.

ಆದರೆ ಆ ಹೊಳೆಯಲ್ಲಿ ಸುದ್ದಿ ಚೀಟಿಗಳು ತೇಲಿ ಬರುತ್ತಿದ್ದವು. 'ಬಲಗಾಲಿಗೆ ಮುಳ್ಳು ಚುಚ್ಚಿದೆ.' 'ಹೊಟ್ಟೆಗೆ ಹಲಸಿನ ತೊಳೆ ಬಂತು, ಇದು ಏಳನೆಯದು.' ಓದುವಷ್ಟರಲ್ಲಿ ಚೀಟಿ ಮುಂದೆ ಹೋಗಿಬಿಡುತ್ತಿತ್ತು.

"ಒಂದು ಕೊಕ್ಕೆ ಇದ್ರೆ ಸಿಕ್ಕಿಸ್ಕೊಂಡು ನಿಧಾನಕ್ಕೆ ಓದ್ಬಹುದಲ್ಲ!" ಎಂದ ದುಂಡಪ್ಪ. ಮೆತ್ತಗಿನ ಮನುಷ್ಯ, ಸುದ್ದಿಯ ಹುಚ್ಚು. ಒಂದು ಕೊಕ್ಕೆ ಹೊಡೆದ.

ಪಕ್ಕದಲ್ಲಿದ್ದ ಕೆಂಚವ್ವ ಅದನ್ನು ನೋಡಿದಳು. ಎರಡು ಹೊಡೆದಳು.

ವಾರದೊಳಗೆ ಹೊಳೆಯ ತುಂಬ ಟಕಟಕ ಸದ್ದು. ಕೊಕ್ಕೆ ಹೊಡೆಯದೆ ಉಳಿದವನು ಬೋರಯ್ಯ ಒಬ್ಬನೇ.

"ಯಾಕೋ ಬೋರಯ್ಯ, ನಿಂಗೆ ಸುದ್ದಿ ಬೇಡ್ವಾ?" ಎಂದಳು ಕೆಂಚವ್ವ.

"ಎಷ್ಟು ತೊಳೆ ಅನ್ನೋದು ಹೊಟ್ಟೆಗೆ ಗೊತ್ತಿದ್ರೆ ಸಾಕು. ನಾನು ಉಸಿರು ಹೊರೋನು."

"ಅಬ್ಬಬ್ಬಾ, ಇವನ ಬಿಗುಮಾನವೇ! ಎಲ್ಲರೂ ಹೊಡ್ಕೊಂಡಿದಾರೆ."

"ಎಲ್ಲರೂ ಆಯ್ತಮ್ಮ ಅಂತಾನೂ ಅಂದಿದ್ರು," ಎಂದ ಬೋರಯ್ಯ. ಹುಟ್ಟು ಹಾಕುತ್ತಾ ಮುಂದೆ ಹೋದ.

ಒಂದು ಸಂಜೆ ದೇವೀರಿಯ ಮೊಣಕೈಗೆ ಸೊಳ್ಳೆ ಕಚ್ಚಿತು. ಸೊಳ್ಳೆಯ ಸೊಂಡಿಲಿನಿಂದ ಒಬ್ಬ ಇಳಿದ. ಹೆಸರು ಚೂಪಯ್ಯ. ಒಂದು ವಾರ ಲಿವರ್‌ನಲ್ಲಿ ಹಾಯಾಗಿ ಮಲಗೆದ್ದು, ಸಂಸಾರ ಬೆಳೆಸಿಕೊಂಡು, ತಲೆಯ ಮೊನೆ ಸವರಿಕೊಳ್ಳುತ್ತಾ ಹೊಳೆಗೆ ಬಂದ.

ಮೊದಲು ದುಂಡಪ್ಪನ ಹರಿಗೋಲಿಗೆ ಭುಜ ತಗುಲಿಸಿದ. "ಕ್ಷಮಿಸಿ ಅಣ್ಣ, ಆಯತಪ್ಪಿತು."

"ಪರ್ವಾಗಿಲ್ಲ ಬಿಡಿ," ಎಂದ ದುಂಡಪ್ಪ. ಅವನು ಮುಳ್ಳಿನ ಸುದ್ದಿ ಓದುತ್ತಿದ್ದ.

ಚೂಪಯ್ಯ ಮೆಲ್ಲಗೆ ಉರುಳಿದ. ತಲೆಯ ಮೊನೆಯನ್ನು ಚರ್ಮಕ್ಕೆ ತಿರುಗಿಸಿದ. ಕೊಕ್ಕೆಯನ್ನು ಗಟ್ಟಿಯಾಗಿ ಹಿಡಿದ. ತಳ್ಳಿದ. ಚರ್ಮ ಹರಿಯಲಿಲ್ಲ, ತೂತು ಬೀಳಲಿಲ್ಲ. ಅವನ ಜೊತೆಯಲ್ಲೇ ಒಳಕ್ಕೆ ಬಾಗಿ ಅವನಿಗೆ ದುಪ್ಪಟಿಯ ಹಾಗೆ ಸುತ್ತಿಕೊಂಡಿತು. ಹಿಂದೆ ಮುಚ್ಚಿಯೂ ಹೋಯಿತು. ಮೇಲೆ ಕೂತ ದುಂಡಪ್ಪನಿಗೆ ಏನೂ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕರಕರ ಸದ್ದು.

"ಯಾರದು?"

"ನಾನೇ ಅಣ್ಣ. ಊಟಕ್ಕೆ ಕೂತಿದೀನಿ."

"ಊಟಕ್ಕೆ ಏನಿದೆ ಅಲ್ಲಿ?"

"ನಿಮ್ಮ ಹರಿಗೋಲಿನ ಕೆಂಪು. ಉಪ್ಪು ಸ್ವಲ್ಪ ಕಡಿಮೆ."

ಎರಡು ದಿನ ತಿಂದ. ಕರಿ ಗಷ್ಟನ್ನು ಮೂಲೆಗೆ ತಳ್ಳಿದ. ಒಬ್ಬನಿದ್ದವನು ಹದಿನಾರಾದ. ಚೂಪಯ್ಯನ ಬಂಧುಗಳೆಲ್ಲ ಬೇರೆ ಬೇರೆ ಹರಿಗೋಲುಗಳಲ್ಲಿ ಇದನ್ನೇ ಮಾಡಿದ್ದರು. ಎಲ್ಲರೂ ಗೊತ್ತುಮಾಡಿಕೊಂಡ ಒಂದೇ ಗಳಿಗೆಗೆ ಹರಿಗೋಲುಗಳನ್ನು ಒಡೆದು ಹೊರಬಿದ್ದರು. ಫಟ್! ಫಟ್! ಫಟ್! ದುಂಡಪ್ಪ ನೀರಿಗೆ ಬಿದ್ದ.

ಹೊರಗೆ ದೇವೀರಿ ಗಡಗಡ ನಡುಗಿದಳು. ಅವಳ ಅಜ್ಜಿ ನಾಲ್ಕು ಕಂಬಳಿ ಹೊದಿಸಿದಳು. ನಡುಕ ಹೋಗಿ ಮೈ ಕಾದ ಹೆಂಚಾಯಿತು. ಆಮೇಲೆ ಬೆವರಿಳಿಯಿತು. ಮರುದಿನ ಹುಡುಗಿ ಎದ್ದು ಕೂತಳು.

"ಹೋಯ್ತು ಜ್ವರ!" ಎಂದಳು ಅಜ್ಜಿ.

ಎಲ್ಲಿ ಹೋಯಿತು? ಒಡೆದ ಒಂದೊಂದು ಹರಿಗೋಲಿನಿಂದಲೂ ಹದಿನಾರು ಜನ ಹದಿನಾರು ಹೊಸ ಹರಿಗೋಲುಗಳ ಕೊಕ್ಕೆ ಹಿಡಿದು ಒಳಸೇರಿ ಊಟಕ್ಕೆ ಕೂತಿದ್ದರು. ಅದಕ್ಕೇ ಮಗು, ಈ ಮಲೇರಿಯಾ ಜ್ವರ ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ. ಜ್ವರ ಬಿಟ್ಟ ದಿನವೂ ಡಾಕ್ಟರು ಕೊಟ್ಟ ಮಾತ್ರೆಯನ್ನು ತಪ್ಪಿಸದೆ ನುಂಗಬೇಕು.

ದೇವೀರಿಯ ಕಾಲಕ್ಕೆ ಮಾತ್ರೆಯೂ ಇರಲಿಲ್ಲ, ಡಾಕ್ಟರೂ ಇರಲಿಲ್ಲ. ಮತ್ತೆ ನಡುಕ ಬಂತು. ಮತ್ತೆ ಬಿಟ್ಟಿತು. ಮತ್ತೆ ಬಂತು. ಹುಡುಗಿಯ ತುಟಿ ಬಿಳಿಚಿತು. ಹೊಳೆಯಲ್ಲಿ ಹರಿಗೋಲುಗಳು ಕಡಿಮೆಯಾದವು. ಹೃದಯ ಕೂಗಿತು: "ಯಾರಾದರೂ ಬನ್ನಿ! ಒಂದು ಮೂಟೆ ಉಸಿರು! ನಾನು ನಿಂತರೆ ಹುಡುಗಿ ಇಲ್ಲ!"

ಹತ್ತಿರದಲ್ಲಿ ಮೂಟೆ ಹೊತ್ತು ಬರುತ್ತಿದ್ದವನು ಬೋರಯ್ಯ.

ಆಗಲೇ ಕೆಂಚವ್ವನ ಹರಿಗೋಲು ಫಟ್ಟೆಂದಿತು. ಹೊರಬಿದ್ದ ಚೂಪಯ್ಯಗಳು ಬೋರಯ್ಯನನ್ನು ಸುತ್ತಿಕೊಂಡರು. ಭುಜ ತಗುಲಿಸಿದರು. ಉರುಳಿದರು. ಮೊನೆ ತಿರುಗಿಸಿದರು. ಹಿಡಿಯಲು ಕೈ ಚಾಚಿದರು. ಜಾರಿದರು.

"ಇದೇನ್ರೀ ಇದು, ಬೋಳು ಹರಿಗೋಲು!"

"ನಿಯಮದ ಪ್ರಕಾರ ಇದೆ," ಎಂದ ಬೋರಯ್ಯ.

ಚೂಪಯ್ಯಗಳಿಗೆ ಹೊತ್ತು ಮೀರುತ್ತಿತ್ತು. ಹರಿಗೋಲು ಬಿಟ್ಟು ಹೊರಗೆ ಬಂದ ಚೂಪಯ್ಯ ಎಲೆ ಅಡಿಕೆ ಅಗಿದು ಉಗಿಯುವಷ್ಟು ಹೊತ್ತು ಬದುಕಿದರೆ ಹೆಚ್ಚು.

"ಸ್ವಾಮಿ, ಕೊಕ್ಕೆ ನಾವೇ ತಂದಿದೀವಿ. ಸುತ್ತಿಗೇನೂ ನಮ್ಮದೇ. ಎರಡೇ ಏಟು, ನೀವು ಸುಮ್ನೆ ಹೂಂ ಅನ್ನಿ."

"ಊಹೂಂ."

"ಬೆಳ್ಳಿದು ಸ್ವಾಮಿ!"

"ಚಿನ್ನದ್ದಾದ್ರೂ ಕೊಕ್ಕೆ ಕೊಕ್ಕೆಯೇ."

ಅಷ್ಟರಲ್ಲಿ ನೀರಿನಿಂದ ಕೆಂಚವ್ವ ಕಿರುಚಿದಳು: "ಮುಳುಗ್ತಾ ಇದೀನೋ! ಹಿಡ್ಕೊಳ್ಳೋಕೆ ಒಂದು ಕೊಕ್ಕೆ ಇಲ್ವಲ್ಲೋ ನಿನ್ನ ಹಾಳು ಹರಿಗೋಲಿಗೆ! ಹೊಡ್ಸ್ಕೊಳೋ, ನನಗೋಸ್ಕರ!"

ಬೋರಯ್ಯನ ಕೈ ಒಂದು ಕ್ಷಣ ನಿಂತಿತು. ಚೂಪಯ್ಯಗಳು ಸುತ್ತಿಗೆ ಎತ್ತಿದರು.

"ಕೆಂಚವ್ವ, ಹುಟ್ಟು ಹಿಡ್ಕೋ," ಎಂದ ಬೋರಯ್ಯ. ಹುಟ್ಟನ್ನು ಚಾಚಿ ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿದ. "ಇನ್ನು ನೀನೂ ಹಾಕು. ಮಾತು ಆಮೇಲೆ."

ಹಿಂದೆ ಚೂಪಯ್ಯಗಳ ಕೂಗು ಸಣ್ಣದಾಯಿತು, ನಿಂತೂ ಹೋಯಿತು. ಇವನು ತಿರುಗಿ ನೋಡಲಿಲ್ಲ. ಮೂಟೆಯನ್ನು ಹೃದಯದ ದಡದಲ್ಲಿಳಿಸಿ ಇನ್ನೊಂದು ಹೇರಲು ಹೊರಟೇಬಿಟ್ಟ. ಹೃದಯ ನಿಲ್ಲಲಿಲ್ಲ, ದೇವೀರಿ ಉಳಿದಳು.

ನಡುಕ ಬಿಟ್ಟ ಯಾವುದೇ ಮಗು ಕಂಬಳಿಯಿಂದ ಮುಖ ಹೊರಗೆ ಹಾಕಿ ಗಂಜಿ ಕೇಳುವಾಗ ಅದರ ತುಟಿಯ ಮೇಲೆ ಇವತ್ತಿಗೂ ಕಾಣುವ ಆ ಇಷ್ಟೇ ಇಷ್ಟು ಕೆಂಪು, ಕೊಕ್ಕೆ ಹೊಡೆಯಲು ಒಪ್ಪದೆ ಹುಟ್ಟು ಹಾಕುತ್ತಲೇ ಹೋದ ಬೋರಯ್ಯನ ಹರಿಗೋಲಿನದು.